ಎಂಬತ್ತರಲ್ಲಿ ನಡುಗುವ ಕಾರು

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು ಅಮ್ಮ ನನಗೆ ಗಂಜಿಯೊಂದಿಗೆ ಉಣಿಸಿ ಬೆಳೆಸಿದ್ದಾರೆ. ಗಣಿತದಲ್ಲಿ ಅಂಕ ಕಡಿಮೆಯಾಗಿ ಪ್ರಶ್ನೆಪತ್ರಿಕೆಯನ್ನು ದೂರಿದಾಗಲೂ ಈ ಗಾದೆ, ಸೈಕಲ್ಲಿನಿಂದ ಬಿದ್ದು ನಮ್ಮ ಕಡಲೂರು ಬೀಜಾಡಿಯ ಮರಳನ್ನು ದೂರಿದಾಗಲೂ ಇದೇ ಗಾದೆ. ಕನ್ನಡ ಎಂ.ಎ. ಓದುತ್ತಿದ್ದ ಕಾಲದಲ್ಲಿ ನನಗೊಂದು ಸಂಶಯ ಹುಟ್ಟಿತು. ಆಕೆ ಡೊಂಕೆಂದ ನೆಲವನ್ನು ಯಾರಾದರೂ ಹೋಗಿ ನೋಡಿದರೇ? ಒಂದು ವೇಳೆ ಅದು ನಿಜವಾಗಿಯೂ ಡೊಂಕಾಗಿದ್ದರೆ? ಕುಣಿಯುವವಳ ಮಾತನ್ನು ಕೇಳದೆಯೇ ತೀರ್ಪು ಕೊಟ್ಟ ನಮ್ಮ ಹಿರಿಯರದು ನ್ಯಾಯವೇ?

ಈ ಪ್ರಶ್ನೆಯನ್ನು ಸಂಶೋಧನ ಪ್ರಬಂಧವಾಗಿಸುವ ಆಸೆಯಿತ್ತು. ಅಷ್ಟರಲ್ಲಿ ನನ್ನ ಕೈಗೆ ಒಂದು ಹಳೆಯ ಕಾರು ಬಂದಿತು. ಹಳೆಯ ಕಾರು ಇರುವವನ ಬಾಳಿನಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಒಂದರ ಧೂಳು ಕೊಡವಿಕೊಳ್ಳುವ ಮೊದಲೇ ಇನ್ನೊಂದು ಬಾಗಿಲ ಬಳಿ ಬಂದು ಹಾರ್ನ್ ಹಾಕುತ್ತದೆ.

ಮೊದಲ ನಡುಕ

ಎರಡು ಸಾವಿರದ ಹತ್ತರ ಆಚೀಚಿನ ಮಾತು. ಬೀಜಾಡಿಯ ನಮ್ಮ ಮನೆಯಲ್ಲಿ ಅಮ್ಮ, ಅಮ್ಮನ ಅಪ್ಪನಾದ ಅಜ್ಜಯ್ಯ ಮತ್ತು ನಾನು. ಬೈಂದೂರಿನ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕ. ಚಿಕ್ಕಮ್ಮನ ಮನೆಯವರು ಹೊಸ ಕಾರು ತಂದಾಗ ತಮ್ಮ ಹಳೆಯ ಬಿಳಿ ಕಾರನ್ನು ನಮಗೆ ದಾಟಿಸಿದರು. ನಮ್ಮ ವಂಶದಲ್ಲಿ ದೋಣಿ, ಸೈಕಲ್ಲು ಬಿಟ್ಟರೆ ಮೊದಲ ವಾಹನ ಅದು. ಅಜ್ಜಯ್ಯ ಅದನ್ನು ದೋಣಿಯೆಂದೇ ಭಾವಿಸಿ, ದಿನವೂ ಸಂಜೆ ಸಿಹಿನೀರಿನಲ್ಲಿ ಅದರ ಉಪ್ಪು ತೊಳೆಯುತ್ತಿದ್ದರು.

ನನ್ನ ಅಕ್ಕನನ್ನು ಬೈಂದೂರಿನ ಹಾದಿಯ ನಾವುಂದಕ್ಕೆ ಕೊಟ್ಟಿದೆ. ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವ ದಿನ ಗೊತ್ತಾಗಿತ್ತು. ಬಾಡಿಗೆಯ ಗಾಡಿ ಬೇಡ, ನಮ್ಮದೇ ಕಾರಿನಲ್ಲಿ ನಾನೇ ಬಂದು ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆ ಮಾತಿನ ತೂಕ ನನಗೆ ತಿಳಿದದ್ದು, ಅಕ್ಕನ ಅತ್ತೆಯನ್ನು ಒಮ್ಮೆ ನಾವುಂದದಿಂದ ಬೈಂದೂರಿಗೆ ಕಾರಿನಲ್ಲಿ ಕರೆದೊಯ್ದ ದಿನ.

ಹೆದ್ದಾರಿ ನೇರವಾಗಿತ್ತು, ಖಾಲಿಯಾಗಿತ್ತು. ವೇಗ ಎಂಬತ್ತನ್ನು ಮುಟ್ಟಿತು. ಸ್ಟೇರಿಂಗ್ ನನ್ನ ಕೈಯಲ್ಲಿ ಗಡಗಡನೆ ನಡುಗತೊಡಗಿತು. ಅತ್ತೆಯ ಮಡಿಲಲ್ಲಿದ್ದ ಎಲೆಯಡಿಕೆಯ ಪೆಟ್ಟಿಗೆ ತಾನಾಗಿಯೇ ತೆರೆದುಕೊಂಡಿತು.

"ಹ್ವಾಯ್ ತಮ್ಮಾ, ನಿನ್ ಕಾರಿಗೆ ಚಳಿಜ್ವರ ಬಂದಿತ್ತಾ?"

ನಾನು ವೇಗ ತಗ್ಗಿಸಿದೆ. ನಡುಕ ನಿಂತಿತು. ಆದರೆ ಅತ್ತೆಯ ತೀರ್ಮಾನ ಆಗಿಹೋಗಿತ್ತು.

"ಕಾಣ್ ಮಗಾ, ಈ ನಡುಗು ಕಾರಂಗೆ ನಾನ್ ತುಂಬಿದ ಬಸ್ರಿನ್ ಕಳ್ಸುದಿಲ್ಲೆ. ಬಾಡ್ಗಿ ಕಾರಂಗೆ ಕಳ್ಸೂಕೂ ಆತಿಲ್ಲೆ, ನಮ್ಗೂ ಒಂದ್ ಮರ್ಯಾದಿ ಇತ್ತ್. ಮುಂದಿನ ತಿಂಗ್ಳ ಮೊದಲ್ನೇ ಸೋಮವಾರ ದಿನ ಒಳ್ಳೆದಿತ್ತ್. ಅಷ್ಟ್ರೊಳ್ಗೆ ನಡುಕ ನಿಲ್ಸ್ಕಂಡ್ ಬಾ. ಆ ದಿನ ತಪ್ಪಿರೆ ಒಂಬತ್ತ್ ತುಂಬತ್ತ್, ಮತ್ತ್ ಹೊಸ್ಲ್ ದಾಟ್ಸುದಿಲ್ಲೆ. ಹೆರ್ಗಿ ನಮ್ಮನಿಯಂಗೇ."

ಮರುದಿನ ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು. "ತಮ್ಮಾ, ಹ್ಯಾಂಗಾರೂ ಮಾಡ್. ನಂಗ್ ಅಮ್ಮನ ಹತ್ರವೇ ಬರ್ಕ್."

"ಅತ್ತೆ ಒಳ್ಳೆಯವರಲ್ಲವೇ?"

"ಒಳ್ಳೆಯರೇ. ಆರೆ ಹೆರೂಕೂ ಹ್ಯಾಂಗೆ ಅಂದೇಳಿ ಅವ್ರೇ ಹೇಳಿಕೊಡ್ತ್ರ್."

ಮೂವತ್ತರಲ್ಲಿ ನಡೆದ ಪರೀಕ್ಷೆ

ಕುಂದಾಪುರದ ಗ್ಯಾರೇಜಿನ ಮೆಕ್ಯಾನಿಕ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ರೋಗಲಕ್ಷಣ ಕೇಳಿದ. ವರ್ಣನೆ ನನ್ನ ವೃತ್ತಿಯಾದ ಕಾರಣ ನಾನು ಮನಸ್ಸಿಟ್ಟು ಹೇಳಿದೆ: "ಅರವತ್ತೈದರ ಹೊತ್ತಿಗೆ ಒಂದು ಸೂಕ್ಷ್ಮವಾದ ಕಂಪನ ಹುಟ್ಟುತ್ತದೆ. ಅದು ಕ್ರಮೇಣ ವಿಸ್ತಾರಗೊಂಡು, ಎಂಬತ್ತನ್ನು ಮುಟ್ಟುವಾಗ ಸರ್ವಾಂಗವನ್ನೂ ವ್ಯಾಪಿಸುತ್ತದೆ."

ಆತ ಸ್ಪ್ಯಾನರ್ ಕೆಳಗಿಟ್ಟ. "ಮಾಷ್ಟ್ರೇ, ನಡುಗುದ್ ಸ್ಟೇರಿಂಗಾ, ಸೀಟಾ? ಅಷ್ಟ್ ಹೇಳಿ, ಸಾಕ್."

"ಸ್ಟೇರಿಂಗ್."

"ಹಂಗಾರೆ ಮುಂದಿನ ಚಕ್ರ. ಸೀಟ್ ನಡುಗಿರೆ ಹಿಂದಿನ ಚಕ್ರ. ಇಷ್ಟಕ್ಕೆ ಎಂ.ಎ. ಬೇಡಿತ್ತ್. ಬನ್ನಿ, ಒಂದ್ ಸಲ ಓಡ್ಸಿ ಕಾಂಬ."

ಎಂಬತ್ತರ ವೇಗಕ್ಕಾಗಿ ನಾವು ಹೆಮ್ಮಾಡಿಯ ಕಡೆಗೆ ಹೊರಟೆವು. ಸ್ಟೇರಿಂಗ್ ಹಿಡಿದವನು ಆತನೇ. ಸಮಸ್ಯೆ ಅಲ್ಲಿಯೇ ಇತ್ತು. ಆ ಹೆದ್ದಾರಿಯಲ್ಲಿ ಆತನಿಗೆ ಪರಿಚಯವಿಲ್ಲದ ಜೀವವಿರಲಿಲ್ಲ. ಅರವತ್ತು ದಾಟುವಷ್ಟರಲ್ಲಿ ರಸ್ತೆಬದಿಯಿಂದ ಯಾರೋ "ಹ್ವಾಯ್!" ಎಂದು ಕೈಯೆತ್ತುತ್ತಿದ್ದರು. ಈತ ನಿಲ್ಲಿಸುತ್ತಿದ್ದ. "ಹೆಮ್ಮಾಡಿಗಾ? ಹತ್ತಿ ಮರ್ರೆ, ಬರೀ ಟೆಸ್ಟಿಗ್ ಹೋಪುದ್." ಮತ್ತೆ ಮೂವತ್ತು, ನಲವತ್ತು, ಅರವತ್ತು, ಮತ್ತೊಂದು "ಹ್ವಾಯ್!" ಮೊದಲು ಪಂಪ್ ರಿಪೇರಿಯವರೊಬ್ಬರು, ಬಳಿಕ ಅಂಗನವಾಡಿಯ ಅಕ್ಕ, ಕೊನೆಗೆ ಖಾಲಿ ಬುಟ್ಟಿಯೊಡನೆ ಮನೆಗೆ ಮರಳುತ್ತಿದ್ದ ಮೀನು ಮಾರುವ ಅಮ್ಮ.

ಹೆಮ್ಮಾಡಿ ತಲುಪಿದಾಗ ಮುಳ್ಳು ಒಮ್ಮೆಯೂ ಅರವತ್ತೈದನ್ನು ದಾಟಿರಲಿಲ್ಲ. ಮೆಕ್ಯಾನಿಕ್ ತೀರ್ಪಿತ್ತ: "ಕಾರ್ ಲಾಯ್ಕ್ ಇತ್ತ್. ಈ ರೋಡಂಗೆ ಎಂಬತ್ತಕ್ಕೆ ಹೋಪುಕೇ ಆತಿಲ್ಲೆ, ಮತ್ತ್ ನಡುಗುದ್ ಹ್ಯಾಂಗೆ?"

ಹಿಂದಿನ ಸೀಟಿನಿಂದ ಇಳಿದ ಮೀನಿನ ಅಮ್ಮ ಬಾಗಿಲ ಬಳಿ ಬಗ್ಗಿ ನನ್ನನ್ನು ಕೇಳಿದರು. "ಮಾಷ್ಟ್ರೇ, ನಾಳಿಗ್ ಎಷ್ಟ್ ಗಂಟಿಗ್ ಟೆಸ್ಟ್ ಮಾಡ್ತ್ರಿ? ಅದೇ ಜಾಗ್ದಂಗೆ ನಿತ್ಕಂತೆ."

ಹದಿನೈದು ಗ್ರಾಂ

ಬ್ರಹ್ಮಾವರದ ಟಯರ್ ಅಂಗಡಿಯಲ್ಲಿ ಚಕ್ರವನ್ನು ತಿರುಗಿಸಿ ತೂಕ ನೋಡುವ ಯಂತ್ರವಿದೆಯೆಂದು ತಿಳಿದು ಅಲ್ಲಿಗೆ ಹೋದೆ. ಅಂಗಡಿಯವರು ಮಿತಭಾಷಿ. ಒಂದೊಂದೇ ಚಕ್ರವನ್ನು ಬಿಚ್ಚಿ ಯಂತ್ರಕ್ಕೆ ಸಿಕ್ಕಿಸಿ ಗಿರ್ರನೆ ತಿರುಗಿಸಿದರು. ಮುಂದಿನ ಎಡಚಕ್ರದ ಲೆಕ್ಕ ಹದಿನೈದು ಎಂದು ತೋರಿತು. ಅವರು ಬೆರಳುದ್ದದ ಸೀಸದ ತುಂಡೊಂದನ್ನು ಚಕ್ರದ ಅಂಚಿಗೆ ಕೊಕ್ಕೆಯಿಂದ ಸಿಕ್ಕಿಸಿ, ಸುತ್ತಿಗೆಯಿಂದ ಎರಡೇಟು ಹೊಡೆದರು. ಮತ್ತೆ ತಿರುಗಿಸಿದಾಗ ಸೊನ್ನೆ. ನಾಲ್ಕು ಚಕ್ರಗಳಿಗೂ ಹೀಗೆ ಅಲ್ಲಲ್ಲಿ ಸೀಸ ಕೂತಿತು.

ನನಗೆ ನಂಬಿಕೆಯಾಗಲಿಲ್ಲ. "ಇಷ್ಟು ದೊಡ್ಡ ಕಾರು ಬರೀ ಹದಿನೈದು ಗ್ರಾಂ ವ್ಯತ್ಯಾಸಕ್ಕೆ ನಡುಗಿತೇ?"

"ಮದಿ ಮನಿಯಂಗೆ ಒಬ್ಬ ಭಾವ ಮುನ್ಸ್ಕಂಡ್ರೆ ಇಡೀ ಚಪ್ಪರ ನಡುಗುದಿಲ್ಯಾ ಮಾಷ್ಟ್ರೇ? ನಿಧಾನ ನಡೆವತಿಗ್ ಗೊತ್ತಾತಿಲ್ಲೆ. ಓಡುವತಿಗ್ ಗೊತ್ತಾತ್ತ್."

ಹಿಂದಿರುಗುವಾಗ ಕಾರು ಎಂಬತ್ತರಲ್ಲಿ ಎಣ್ಣೆಯ ಮೇಲೆ ಜಾರಿದಂತೆ ಸಾಗಿತು. ನಾನು ಅಕ್ಕನಿಗೆ ಫೋನು ಮಾಡಿದೆ. ಅವಳು ಆಗಲೇ ಬಟ್ಟೆ ಮಡಚತೊಡಗಿದಳು. ಟಯರ್ ಅಂಗಡಿಯವರ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮರುದಿನ ತರಗತಿಯಲ್ಲಿ ಪಾಠವನ್ನು ಬದಿಗಿಟ್ಟು ಅದನ್ನೇ ವಿಸ್ತರಿಸಿದೆ. ಸಮಾಜವೂ ಒಂದು ಚಕ್ರ, ಒಂದು ಬದಿಯ ಸಣ್ಣ ಕೊರತೆಯೂ ಇಡೀ ವ್ಯವಸ್ಥೆಯನ್ನು ನಡುಗಿಸುತ್ತದೆ, ಹಗುರಾದ ಬದಿಗೆ ನಾಲ್ಕು ಗ್ರಾಂ ಕೂಡಿಸುವುದೇ ವಿದ್ಯಾವಂತರ ಧರ್ಮ ಎಂದೆಲ್ಲ ಹೇಳಿದೆ. ತರಗತಿ ಸ್ತಬ್ಧವಾಗಿ ಕೇಳಿತು. ನನ್ನ ಕಣ್ಣೂ ಸ್ವಲ್ಪ ತೇವವಾಯಿತೆನ್ನಬೇಕು.

ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ನನ್ನ ಇಂಟರ್ನಲ್ಸ್ ಒಂದ್ ನಾಲ್ಕ್ ಮಾರ್ಕ್ ಹಗುರ ಇತ್ತ್. ಧರ್ಮ ಇಲ್ಲಿಂದೇ ಶುರು ಮಾಡುವನಾ?"

ತೊಂಬತ್ತರ ಮದ್ದು

ವಾರ ಕಳೆಯುವಷ್ಟರಲ್ಲಿ ನಡುಕ ಮರಳಿತು. ಅದೇ ಎಂಬತ್ತು, ಅದೇ ಗಡಗಡ.

ಬೈಂದೂರಿಗೆ ನನ್ನೊಡನೆ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ಭೌತಶಾಸ್ತ್ರದವರು. ಅವರು ಕನ್ನಡಕವನ್ನು ಮೇಲೇರಿಸಿ ಹೇಳಿದರು. "ಪ್ರತಿ ವಸ್ತುವಿಗೂ ತಾನು ನಡುಗಬೇಕಾದ ಒಂದು ವೇಗವಿರುತ್ತದೆ. ಅದನ್ನು ದಾಟಿಬಿಟ್ಟರೆ ಶಾಂತಿ. ತೊಂಬತ್ತೈದಕ್ಕೆ ಹೋಗಿ ನೋಡಿ."

ಹೋದೆ. ಆಶ್ಚರ್ಯ, ನಡುಕ ನಿಜವಾಗಿಯೂ ತಗ್ಗಿತು! "ನೋಡಿದಿರಾ?" ಎಂದು ಅವರು ಸೀಟಿನಲ್ಲಿ ಹಿಂದಕ್ಕೊರಗುವುದಕ್ಕೂ, ರಸ್ತೆಯ ನಡುವೆ ಕೈಯಡ್ಡ ಹಿಡಿದು ಪೊಲೀಸರೊಬ್ಬರು ಕಾಣಿಸುವುದಕ್ಕೂ ಸರಿಹೋಯಿತು.

"ಎಷ್ಟರಲ್ಲಿ ಬರ್ತಿದೀರಿ?"

"ತೊಂಬತ್ತೈದರಲ್ಲಿ," ಎಂದೆ. ಸುಳ್ಳು ಹೇಳುವುದು ನನ್ನ ಆದರ್ಶಕ್ಕೆ ಒಪ್ಪಿತವಲ್ಲ.

"ಯಾಕೆ?"

"ಎಂಬತ್ತರಲ್ಲಿ ನಡುಗುತ್ತದೆ."

ಅವರು ನನ್ನನ್ನು ನೋಡಿದರು, ಕಾರನ್ನು ನೋಡಿದರು. ಸಹೋದ್ಯೋಗಿ ಕೆಳಗಿಳಿದು ನಡುಕದ ಸಿದ್ಧಾಂತವನ್ನು ಮೊದಲಿನಿಂದ ವಿವರಿಸತೊಡಗಿದರು. ಸೇತುವೆ, ತೂಗುಯ್ಯಾಲೆ, ವೀಣೆಯ ತಂತಿ ಎಲ್ಲವೂ ಬಂದವು. ಪೊಲೀಸರು ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡರು. ಹತ್ತು ನಿಮಿಷಗಳ ಬಳಿಕ ನನ್ನ ಕಿಟಕಿಯ ಬಳಿ ಬಗ್ಗಿ ಮೆಲ್ಲನೆ ನುಡಿದರು.

"ಸರ್, ಇನ್ನು ಐವತ್ತು ದಾಟಬೇಡಿ, ಹೋಗಿ. ಮುಂದೆ ಹಿಡಿಯುವವರಿಗೂ ಮಕ್ಕಳು ಮರಿ ಇದ್ದಾರೆ. ಇವರನ್ನು ಮಾತ್ರ ಕೆಳಗಿಳಿಸಬೇಡಿ."

ಉದುರಿದ ಸೀಸ

ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು. ನಾನು ಮತ್ತೆ ಬ್ರಹ್ಮಾವರಕ್ಕೆ ಧಾವಿಸಿದೆ. ಅಂಗಡಿಯವರು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಚಿನ ಸುತ್ತ ಬೆರಳಾಡಿಸಿದರು.

"ಮಾಷ್ಟ್ರೇ, ನಾನ್ ಹಾಕಿದ್ ಸೀಸ ಎಲ್ಲಿ?"

"ಅಲ್ಲಿಯೇ ಇರಬೇಕಲ್ಲ?"

"ಇಲ್ಲೆ. ಹೊರ್ಗಿನ ಬದಿದ್ ಒಂದೂ ಇಲ್ಲೆ. ಇಪ್ಪತ್ತ್ ವರ್ಷ ಆಯ್ತ್ ನಾನ್ ಸೀಸ ಹೊಡೂಕೆ ಶುರು ಮಾಡಿ. ಒಂದ್ ಉದುರಿದ್ ಕಂಡಿದೆ, ಎರಡ್ ಉದುರಿದ್ ಕಂಡಿದೆ. ಹಿಂಗೆ ಗುಡ್ಸಿ ಹಾಕಿದಂಗೆ ಆದ್ದ್ ಕಂಡಿಲ್ಲೆ. ನೀವ್ ಎಂಥಾ ಹೊಂಡಕ್ಕೆ ಹಾರ್ಸ್ತ್ರಿ?"

ಅವರ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ನೋವು. ತನ್ನ ಕೈಕೆಲಸ ಉದುರಿತೆಂಬ ಆ ನೋವನ್ನು ನಾನು ಬಲ್ಲೆ. ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವಾಗ ನನಗೂ ಆಗುತ್ತದೆ. ಅವರು ಹೊಸ ಸೀಸ ಸಿಕ್ಕಿಸಿ, ಎರಡೇಟಿನ ಬದಲು ಆರೇಟು ಹೊಡೆದರು. ಕೊನೆಯ ಏಟಿಗೆ ಸುತ್ತಿಗೆಯನ್ನು ಹಣೆಗೊತ್ತಿಕೊಂಡು, "ಇದ್ ಬಿದ್ರೆ ನಾನ್ ಅಂಗ್ಡಿ ಬಾಗ್ಲ್ ಹಾಕ್ತೆ," ಎಂದರು.

ಬೀಜಾಡಿಯವರೆಗೂ ನಾನು ರಸ್ತೆಯ ಒಂದೊಂದು ಹೊಂಡವನ್ನೂ ನಮಸ್ಕರಿಸಿ ಬಳಸಿಕೊಂಡು ಬಂದೆ. ಹಿಂದೆ ಬರುತ್ತಿದ್ದ ಸೈಕಲ್ಲಿನವರೊಬ್ಬರು ನನ್ನನ್ನು ದಾಟುವಾಗ ಕಿಟಕಿಗೆ ಬಗ್ಗಿ ಕೇಳಿದರು. "ಹ್ವಾಯ್, ಎಂತ ಕಳ್ಕಂಡಿರಿ? ನಾನೂ ಹುಡ್ಕಲಾ?"

ಒಂದು ಚೊಂಬು ನೀರು

ಸೋಮವಾರ ಬೆಳಿಗ್ಗೆ ಅಮ್ಮ ಮತ್ತು ಅಜ್ಜಯ್ಯನೊಡನೆ ನಾವುಂದಕ್ಕೆ ಹೊರಟೆ. ಸೀಸ ಉದುರೀತೆಂಬ ಭಯಕ್ಕೆ ಐವತ್ತು ದಾಟಲಿಲ್ಲ. ಇಬ್ಬರೂ ಹಾಯಾಗಿ ನಿದ್ರಿಸಿದರು. ಡಿಕ್ಕಿಯಲ್ಲಿ ಬೀಗರಿಗೆಂದು ಅಜ್ಜಯ್ಯ ಹಿಡಿದ ಕಾಣೆ ಮೀನಿನ ಬುಟ್ಟಿಯಿತ್ತು. ಅಕ್ಕನಿಗೆ ಅಜ್ಜಯ್ಯ ಬೀಸುಬಲೆಯಲ್ಲಿ ಹಿಡಿದ ಕಾಣೆಯೇ ಆಗಬೇಕೆಂಬ ಬಯಕೆ ಹುಟ್ಟಿದ ಮೇಲೆ, ಎಂಬತ್ತು ದಾಟಿದ ಆ ಜೀವ ಮೂಲೆಯಲ್ಲಿದ್ದ ಹಳೆಯ ಬಲೆಯನ್ನು ಮತ್ತೆ ಕೈಗೆತ್ತಿಕೊಂಡಿತ್ತು. ಹಿಂದಿನ ವಾರವಷ್ಟೇ ನಾನು ಒಂದು ಬುಟ್ಟಿ ತಲುಪಿಸಿದ್ದೆ.

ಅತ್ತೆ ನಮ್ಮನ್ನು ಆದರದಿಂದ ಬರಮಾಡಿಕೊಂಡರು, ಕಾಫಿ ಕೊಟ್ಟರು. ಆಮೇಲೆ ಒಳಗಿನಿಂದ ಹಿತ್ತಾಳೆಯ ಚೊಂಬಿನ ತುಂಬ ನೀರು ತಂದರು.

"ಇದನ್ನ ಮಡಿಲಂಗ್ ಇಟ್ಕಂಡ್ ಹಿಂದಿನ ಸೀಟಂಗೆ ಕೂಕಂತೆ. ಎಂಬತ್ತಕ್ಕೆ ಓಡ್ಸ್. ಒಂದ್ ಹನಿ ಚೆಲ್ಲದಿದ್ರೆ ನನ್ ಸೊಸೆ ನಿಮ್ಮನಿಗ್ ಬತ್ತ್ಲ್."

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಚೀಲ ಜಗಲಿಯ ಮೇಲೆ ಸಿದ್ಧವಾಗಿತ್ತು. ಭಾವ ಮುಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಕೂತರು. ನಾನು ಮನಸ್ಸಿನಲ್ಲಿಯೇ ಬ್ರಹ್ಮಾವರದ ಸುತ್ತಿಗೆಯನ್ನು ನೆನೆದು ಹೊರಟೆ.

ಅರವತ್ತು. ನೀರು ಕನ್ನಡಿಯಂತಿದೆಯೆಂದು ಭಾವ ಹಿಂದಿರುಗಿ ನೋಡಿ ಹೇಳಿದರು. ಎಪ್ಪತ್ತು. ಚೊಂಬಿನೊಳಗೆ ಬಳೆಯಂಥ ಸಣ್ಣ ಅಲೆಗಳೆದ್ದವೆಂದರು. ಎಂಬತ್ತು. ಮುಂದಿನದನ್ನು ನಾನು ಹಿಂದಿರುಗಿ ನೋಡಬೇಕಾಗಲಿಲ್ಲ. ನನ್ನ ಕುತ್ತಿಗೆಗೇ ಬಂದು ತಲುಪಿತು.

ಅಂಗಳಕ್ಕೆ ಮರಳಿದಾಗ ಅತ್ತೆಯ ಸೀರೆಯ ಮುಂಭಾಗ ತೊಯ್ದಿತ್ತು, ಚೊಂಬು ಅರ್ಧವಾಗಿತ್ತು. ಅಕ್ಕ ಕೇಳಲೇ ಇಲ್ಲ, ಸೀರೆ ನೋಡಿಯೇ ಅವಳ ಮುಖ ಬಾಡಿತು. ನಾನು ಕಾರಿನಿಂದಿಳಿದು ಚಕ್ರದ ಮುಂದೆ ಕೂತೆ. ಆರೇಟು ಹೊಡೆದಿದ್ದ ಜಾಗದಲ್ಲಿ ಬರೀ ಗೀರುಗಳು. ನಾಲ್ಕೂ ಚಕ್ರಗಳನ್ನು ಸುತ್ತಿ ಬಂದೆ. ಹೊರಬದಿಯಲ್ಲಿ ಒಂದು ಸೀಸವೂ ಇರಲಿಲ್ಲ.

"ಇದು ಉದುರಿದ್ದಲ್ಲ ಭಾವ," ಎಂದೆ. "ಯಾರೋ ಇಕ್ಕಳ ಹಾಕಿ ಕಿತ್ತಿದ್ದಾರೆ. ಚಕ್ರದ ಸೀಸವನ್ನು ಯಾರೋ ಕದಿಯುತ್ತಿದ್ದಾರೆ!"

ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದ ಅಜ್ಜಯ್ಯ ಕಾಫಿ ಲೋಟದಿಂದ ತಲೆಯೆತ್ತಿದರು. "ಸೀಸವಾ? ಅದನ್ನ್ ಯಾರ್ ಕದೀತ್ರ್ ಮಗಾ? ನಾನೇ ತೆಗ್ದದ್."

ಅಮ್ಮ ಬೆಚ್ಚಿದರು. "ಅಪ್ಪಯ್ಯಾ! ಎಂತ ಮಾಡಿರಿ ನೀವ್?"

"ಹಳೆ ಬಲಿಯಂಗೆ ಅರ್ಧ ಸೀಸದ ಮಣಿ ಬಿದ್ದ್ ಹೋಯಿತ್ತ್. ಸೀಸ ಇಲ್ದಿರೆ ಬಲೆ ಮುಳ್ಗುದ್ ಹ್ಯಾಂಗೆ? ಕಾಣೆ ಬೇಕ್ ಅಂತ್ಲ್ ನಮ್ ಹೆಣ್ಣ್. ಕಾರ್ ತೊಳುವತಿಗ್ ಕಂಡೆ, ಚಕ್ರದಂಗೆ ಲಾಯ್ಕ್ ಸೀಸ ಇತ್ತ್, ಕೊಕ್ಕೆ ಸಮೇತ. ಮಣಿ ಎರಕ ಹೊಯ್ಯೂದೂ ಬೇಡ, ಹಂಗೇ ಬಲಿಗ್ ಸಿಕ್ಕ್ಸಿರೆ ಸೈ."

"ಅಜ್ಜಯ್ಯ, ಅದು ಚಕ್ರಕ್ಕೆ ಬೇಕಾದ ಸೀಸ," ಎಂದೆ. ನನ್ನ ಸ್ವರ ಕಾರಿನಂತೆಯೇ ನಡುಗುತ್ತಿತ್ತು.

"ಚಕ್ರಕ್ಕೆ ಸೀಸ ಎಂತಕ್ಕೆ? ಅದೇನ್ ಮುಳ್ಗ್ಕಾ?" ಅಜ್ಜಯ್ಯ ನಿಜವಾಗಿಯೂ ತಿಳಿಯಲೆಂದೇ ಕೇಳಿದರು. "ನೀನ್ ಬ್ರಹ್ಮಾವರಕ್ ಹೋಯಿ ಬಂದಾಗೆಲ್ಲ ಹೊಸ್ತ್ ಸೀಸ ಇರ್ತಿತ್ತ್. ಬಲೆ ಬೀಸು ಮನಿಯರ್ ಅಂದೇಳಿ ಗೊತ್ತಾಯಿ, ಅಂಗ್ಡಿಯರ್ ಮರ್ಯಾದಿಗ್ ಸಿಕ್ಕ್ಸಿ ಕಳ್ಸ್ತ್ರ್ ಅಂದ್ಕಂಡೆ. ಎಷ್ಟ್ ಒಳ್ಳೆ ಜನ ಅಂದೇಳಿ ಈ ಸಲ ಅವ್ರಿಗೂ ನಾಲ್ಕ್ ಕಾಣೆ ತೆಗ್ದಿಟ್ಟಿದೆ."

ಭಾವ ಕಾರಿನ ಹಿಂದೆ ಹೋಗಿ ಮುಖ ಮರೆಸಿಕೊಂಡು ನಗುತ್ತಿದ್ದರು. ಅತ್ತೆ ಚೊಂಬನ್ನು ಜಗಲಿಯ ಮೇಲೆ ಕುಕ್ಕಿದರು.

"ಹಂಗಾರೆ ಹೋದ ವಾರ ನಾವ್ ತಿಂದ ಕಾಣೆ?"

"ಅದೇ ಸೀಸದ್," ಎಂದರು ಅಜ್ಜಯ್ಯ. "ರುಚಿ ಇತ್ತಲ್ದಾ?"

"ರುಚಿ ಇಲ್ಲೆ ಅಂದೇಳಿ ಯಾರ್ ಹೇಳಿರ್?" ಅತ್ತೆಯ ಸ್ವರ ಸ್ವಲ್ಪ ಮೆತ್ತಗಾಗಿ, ಮತ್ತೆ ಗಟ್ಟಿಯಾಯಿತು. "ಅದೆಲ್ಲ ಸೈ. ಆರೆ ಮಾತ್ ಅಂದ್ರೆ ಮಾತ್. ಎಂಬತ್ತಕ್ಕೆ ನೀರ್ ಚೆಲ್ಲಿತ್ತ್. ಇವತ್ತ್ ದಾಟಿರೆ ದಿನ ಇಲ್ಲೆ."

ಭಾವ ಬ್ರಹ್ಮಾವರಕ್ಕೆ ಈಗಲೇ ಓಡಿ ಬರೋಣವೆಂದರು. ಅಂಗಡಿಗೆ ಸೋಮವಾರ ರಜೆಯೆಂದು ನಾನು ನೆನಪಿಸಿದೆ. ಅಮ್ಮ ದೇವರಿಗೆ ಹರಕೆ ಹೇಳಿಕೊಳ್ಳತೊಡಗಿದರು. ಬಲೆಯಿಂದ ಸೀಸ ಬಿಚ್ಚಿ ತರಲೇ ಎಂದು ಅಜ್ಜಯ್ಯ ಕೇಳಿದರು, ಯಾವುದು ಯಾವ ಚಕ್ರದ್ದೆಂದು ಮಾತ್ರ ನೆನಪಿಲ್ಲವೆಂದರು. ನಾನು ಚಕ್ರಗಳ ಅಸಮತೋಲನವನ್ನು ಅತ್ತೆಗೆ ವಿವರಿಸಲೆಂದು ಬಾಯಿ ತೆರೆದೆ.

ಆಗ ಅಕ್ಕ ಅಂಗಳಕ್ಕಿಳಿದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಸೊಂಟದ ಮೇಲೆ. ನೇರವಾಗಿ ಕಾರಿನ ಬಳಿಗೆ ನಡೆದು ಬಾಗಿಲು ತೆರೆದಳು, ಹಿಂದಿನ ಸೀಟಿನ ನೀರನ್ನು ಸೆರಗಿನಿಂದ ಒರೆಸಿದಳು, ನಿಧಾನವಾಗಿ ಕೂತಳು. ಕಿಟಕಿಯ ಗಾಜು ಇಳಿಸಿ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಒಂದ್ ತಿಂಗ್ಳಿಂದ ಕೇಂತಾ ಇದ್ದೆ, ಎಂಬತ್ತಕ್ಕೆ ನಡುಗತ್ತ್, ಎಂಬತ್ತಕ್ಕೆ ನಡುಗತ್ತ್. ತುಂಬಿದ ಬಸ್ರಿನ್ ಕೂರ್ಸ್ಕಂಡ್ ಎಂಬತ್ತಕ್ಕೆ ಯಾರ್ ಮರ್ರೆ ಓಡ್ಸ್ತ್ರ್? ಎಲ್ಲರೂ ಕೇಣಿ. ನಾನ್ ಅಮ್ಮನ ಮನಿಗ್ ಈಗ್ಲೇ ಹೊರ್ಟಿದೆ, ಇದೇ ಕಾರಂಗೆ, ನಲ್ವತ್ತರಂಗೆ."